ವಯಸ್ಸು 23, ಪದೇ ಪದೇ ಮೂಗಿನಿಂದ ರಕ್ತ ಬರ್ತಿದೆ. ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ವಿಜಯಪುರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿಜಯಪುರ, ಈಗ ಕೆಲಸಕ್ಕಾಗಿ ಬೆಂಗಳೂರಲ್ಲಿದ್ದೇನೆ, ಮಾರತಹಳ್ಳಿ ಹತ್ತಿರ ಪಿಜಿಯಲ್ಲಿ ವಾಸ. ದೀಪಾವಳಿ ಮುಗಿದಾಗಿನಿಂದ ಮೂಗಿನಿಂದ ರಕ್ತ ಬರೋದು ಶುರುವಾಗಿದೆ. ವಾರಕ್ಕೆ ಒಂದೆರಡು ಸಲ ಆಗ್ತಾನೇ ಇರುತ್ತದೆ. ಹೆಚ್ಚುಕಡಿಮೆ ಯಾವಾಗಲೂ ಎಡಗಡೆ ಹೊಳ್ಳೆಯಿಂದಲೇ. ಬೆಳಗ್ಗೆ ಮುಖ ತೊಳೆಯುವಾಗ ಜಾಸ್ತಿ. ಮೊನ್ನೆ ಆಫೀಸಲ್ಲಿ ಮೀಟಿಂಗ್ ನಡೆಯುತ್ತಿದ್ದಾಗ ಲ್ಯಾಪ್‌ಟಾಪ್ ಕೀಲಿಗಳ ಮೇಲೆ ಟಪ್ ಅಂತ ಹನಿ ಬಿತ್ತು. ಪಕ್ಕದವರು ಗಾಬರಿಯಾಗಿ ನನ್ನ ತಲೆ ಹಿಂದಕ್ಕೆ ಬಾಗಿಸಿ, ನೆತ್ತಿಗೆ ತಣ್ಣೀರು ತಟ್ಟಿದರು. ರಕ್ತ ಎಲ್ಲ ಗಂಟಲಿಗೆ ಇಳಿದು ಆಮೇಲೆ ವಾಂತಿಯಾಯಿತು. ವಾಂತಿಯಲ್ಲೂ ರಕ್ತ ಕಂಡು ಎಲ್ಲರೂ ಇನ್ನೂ ಹೆದರಿಬಿಟ್ಟರು.

ಅವ್ವ ಫೋನಲ್ಲಿ, "ಮೈ ಉಷ್ಣ ಆಗೇದವ್ವಾ, ಚಹಾ ಬಿಡು, ಮಜ್ಜಿಗಿ ಕುಡಿ" ಅಂತಾಳೆ. ನನಗೆ ಧೂಳಿನ ಅಲರ್ಜಿ ಇದೆ. ಅದಕ್ಕೆ ಡಾಕ್ಟರ್ ಬರೆದುಕೊಟ್ಟ ಫ್ಲೂಟಿಕಸೋನ್ ಸ್ಪ್ರೇ ದಿನಾ ಮೂಗಿಗೆ ಹಾಕಿಕೊಳ್ಳುತ್ತೇನೆ. ಆಫೀಸಲ್ಲಿ ನನ್ನ ಸೀಟು ಎಸಿ ಕೆಳಗೇ ಇದೆ. ಎಡಗಡೆ ಮೂಗುಬೊಟ್ಟು ಇದೆ, ಇದೂ ಹೇಳಬೇಕೋ ಏನೋ ಗೊತ್ತಿಲ್ಲ. ಬಿಪಿ ನೋಡಿಸಿದೆ, 110/70 ಬಂತು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕ್ಯಾನ್ಸರ್ ತನಕ ಬರುತ್ತೆ, ರಾತ್ರಿ ನಿದ್ದೆ ಬರ್ತಿಲ್ಲ. ಇದು ಸುಮ್ನೆ ಒಣಹವೆಗೆ ಆಗ್ತಿರೋದಾ? ಸ್ಕ್ಯಾನ್ ಏನಾದ್ರೂ ಬೇಕಾ? ಯಾರ ಹತ್ತಿರ ತೋರಿಸಲಿ?

ಬಾದಾಮಿ ಅಕ್ಕ:

ಹೆದರಬ್ಯಾಡ ತಂಗಿ. ನನ್ನ ಮಗನಿಗೂ ಸಣ್ಣಾಂವ ಇದ್ದಾಗ ಬ್ಯಾಸಿಗಿ ಬಂತಂದ್ರ ಹಿಂಗ ಆಗ್ತಿತ್ತು. ನಮ್ಮತ್ತಿ ಗರಿಕೆ ಹುಲ್ಲಿನ ರಸ ಹಿಂಡಿ ಎರಡು ಹನಿ ಮೂಗಿಗೆ ಬಿಡ್ತಿದ್ರು. ಉಳ್ಳಾಗಡ್ಡಿ ಒಡೆದು ಮೂಸಲು ಕೊಡ್ತಿದ್ರು. ದೊಡ್ಡಾಂವ ಆದಂಗ ತಾನೇ ನಿಂತಿತು. ಅವ್ವ ಹೇಳಿದಂಗ ಮಜ್ಜಿಗಿ ಕುಡಿ. ಆದ್ರೂ ಇಷ್ಟು ಸಲ ಆಗಾಕತ್ತಿದ್ರ ಒಮ್ಮೆ ಡಾಕ್ಟರ್‌ಗೆ ತೋರಿಸು.

ಧಾರವಾಡದ ಕಿವಿ-ಮೂಗು ಡಾಕ್ಟರ್:

ನಾನು ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲಿನ ಡಾಕ್ಟರ್. ನೀವು ತೋರಿಸಬೇಕಾದದ್ದೂ ಇಎನ್‌ಟಿಯವರಿಗೇ. ಇವತ್ತೇ ಓಡಬೇಕಾಗಿಲ್ಲ, ಆದರೆ ಈ ವಾರ ಬಿಡುವು ಮಾಡಿಕೊಳ್ಳಿ.

ಮೊದಲು ಕ್ಯಾನ್ಸರ್ ಮಾತು. ನಿಮ್ಮ ವಯಸ್ಸಿಗೆ, ನೀವು ಹೇಳಿರುವ ಲಕ್ಷಣಕ್ಕೆ, ಅದು ಬಹಳ ಬಹಳ ದೂರದ ಮಾತು. ಆ ಪುಟಗಳನ್ನು ಮುಚ್ಚಿ ಮಲಗಿ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆಯಲ್ಲ, ಅದರ ಮುಂಭಾಗದಲ್ಲಿ, ಕಿರುಬೆರಳಿನ ತುದಿ ಮುಟ್ಟುವಷ್ಟೇ ಒಳಗೆ, ನಾಲ್ಕೈದು ಕಡೆಯಿಂದ ಬಂದ ಸಣ್ಣ ರಕ್ತನಾಳಗಳು ಕೂಡುತ್ತವೆ. ನಾವು ಅದನ್ನು ಲಿಟಲ್ಸ್ ಏರಿಯಾ ಅಂತೀವಿ. ಮೂಗಿನಿಂದ ರಕ್ತ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಬರುವುದು ಇಲ್ಲಿಂದಲೇ. ಅಲ್ಲಿನ ಪೊರೆ ತುಂಬಾ ತೆಳು. ಒಣಗಿದರೆ ಬಿರಿಯುತ್ತದೆ, ಮೇಲೆ ಹಕ್ಕಳೆ ಕಟ್ಟುತ್ತದೆ. ಬೆಳಗ್ಗೆ ಮುಖ ತೊಳೆದು ಸಿಂಬಳ ಸೀಟಿದಾಗ ಆ ಹಕ್ಕಳೆ ಕಿತ್ತು ಬರುತ್ತದೆ, ಅದರ ಹಿಂದೆಯೇ ರಕ್ತ. ನಿಮಗೆ ಬೆಳಗ್ಗೆ ಜಾಸ್ತಿ ಆಗುವುದಕ್ಕೆ ಇದೇ ಕಾರಣ ಇರಬಹುದು. ಚಳಿಗಾಲದಲ್ಲಿ ಬೆಂಗಳೂರಿನ ಗಾಳಿಯೇ ಒಣ, ಅದರ ಮೇಲೆ ಇಡೀ ದಿನ ಎಸಿ ಗಾಳಿ. ಸೀಟು ಬದಲಾಯಿಸಲು ಕೇಳಿ, ಇದಕ್ಕೆ ಸಂಕೋಚ ಪಡಬೇಡಿ.

ಇನ್ನು ಸ್ಪ್ರೇ. ನನ್ನ ಹತ್ತಿರ ಬರುವ ಯುವಕ ಯುವತಿಯರಲ್ಲಿ ಪದೇ ಪದೇ ಕಾಣುವ ಕಾರಣ ಇದು. ಬಲಗೈಯವರು ಬಲಗೈಯಲ್ಲೇ ಬಾಟಲಿ ಹಿಡಿದು ಎರಡೂ ಹೊಳ್ಳೆಗೆ ನೆಟ್ಟಗೆ ಹೊಡೆದುಕೊಳ್ಳುತ್ತಾರೆ. ಆಗ ಔಷಧ ಪ್ರತಿದಿನ ನಡುಗೋಡೆಯ ಅದೇ ಜಾಗಕ್ಕೆ ಬಡಿಯುತ್ತದೆ, ಪೊರೆ ಸವೆಯುತ್ತದೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಬಾಟಲಿಯ ಮೂತಿ ಅದೇ ಕಡೆಯ ಕಿವಿಯತ್ತ ತಿರುಗಿರಲಿ. ಈಗ ರಕ್ತ ಬರುತ್ತಿರುವುದರಿಂದ ಡಾಕ್ಟರ್ ನೋಡುವ ತನಕ ಎಡಗಡೆಗೆ ಸ್ಪ್ರೇ ಬೇಡ.

ಮೂಗುಬೊಟ್ಟಿನ ಮಾತು ಹೇಳಿದ್ದು ಒಳ್ಳೆಯದಾಯಿತು. ಅದರ ಒಳಗಿನ ತಿರುಪು ಅಥವಾ ಬಾಗಿದ ತಂತಿ ಉದ್ದ ಇದ್ದರೆ ನಡುಗೋಡೆಗೆ ತಾಗುತ್ತದೆ, ಅದರಲ್ಲೂ ಒಂದು ಮಗ್ಗುಲಿಗೆ ಮಲಗಿದಾಗ. ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿಕೊಳ್ಳಿ. ತಾಗುತ್ತಿದ್ದರೆ ಅಕ್ಕಸಾಲಿಗರ ಹತ್ತಿರ ಗಿಡ್ಡ ಮಾಡಿಸಿ.

ಮಜ್ಜಿಗೆ ಕುಡಿಯಿರಿ, ನೀರು ಚೆನ್ನಾಗಿ ಕುಡಿಯಿರಿ, ಅವ್ವ ಹೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಮೂಗಿಗೆ ಗರಿಕೆ ರಸ, ತುಪ್ಪ, ಎಣ್ಣೆ ಬಿಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಹುಲ್ಲಿನ ರಸದಲ್ಲಿ ಮಣ್ಣು ಇರಬಹುದು, ಮೂಗಿನ ಗಾಯಕ್ಕೆ ಅದು ಸೋಂಕು. ಎಣ್ಣೆ ಹನಿ ಹನಿಯಾಗಿ ತಿಂಗಳುಗಟ್ಟಲೆ ಬಿಡುತ್ತಿದ್ದರೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬದಲಿಗೆ ಮೆಡಿಕಲ್ ಶಾಪಲ್ಲಿ ಸಿಗುವ ಉಪ್ಪುನೀರಿನ ಸಲೈನ್ ಸ್ಪ್ರೇ ದಿನಕ್ಕೆ ಮೂರು ನಾಲ್ಕು ಸಲ ಹಾಕಿ. ಮಲಗುವಾಗ ವ್ಯಾಸಲಿನ್ ತೆಳ್ಳಗೆ ಹೊಳ್ಳೆಯ ಬಾಯಿ ಹತ್ತಿರ ಹಚ್ಚಿ, ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿದರೆ ಅದೇ ಒಳಗೆ ಹರಡುತ್ತದೆ. ಬೆರಳು, ಇಯರ್‌ಬಡ್ ಒಳಗೆ ತೂರಿಸಬೇಡಿ.

ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಒಂದೇ ಕಡೆ ರಕ್ತ ಬರುವುದರ ಜೊತೆಗೆ ಅದೇ ಕಡೆ ಮೂಗು ಕಟ್ಟಿಕೊಂಡೇ ಇದ್ದರೆ ಆಗ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆ ಹಾಕಿ ಹಿಂದಿನ ತನಕ ನೋಡಲೇಬೇಕು. ಇದನ್ನು ಓದುತ್ತಿರುವ ಗಂಡುಮಕ್ಕಳ ತಂದೆತಾಯಿಗೆ ಒಂದು ಮಾತು. ಹದಿಹರೆಯದ ಹುಡುಗನಿಗೆ ಒಂದು ಹೊಳ್ಳೆ ಸದಾ ಕಟ್ಟಿದ್ದು, ಅಲ್ಲಿಂದಲೇ ಜೋರಾಗಿ ರಕ್ತ ಬರುತ್ತಿದ್ದರೆ ತಡ ಮಾಡಬೇಡಿ. ಆಂಜಿಯೋಫೈಬ್ರೋಮ ಅನ್ನುವ ಗಡ್ಡೆ ಹೆಚ್ಚುಕಡಿಮೆ ಹುಡುಗರಿಗೇ ಬರುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ತುಂಬ ರಕ್ತನಾಳ ಇರುವ ಗಡ್ಡೆ. ಸ್ಕ್ಯಾನ್ ಮಾಡಿಸದೆ ಅದರಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸುವಂತಿಲ್ಲ.

ಈಗ ನೀವು ನನಗೆ ಉತ್ತರ ಕೊಡಿ. ಒಂದು ಸಲ ಶುರುವಾದರೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬರುತ್ತದೆಯಾ? ಪೆಟ್ಟು ನೆನಪಿಲ್ಲದೆ ಮೈಮೇಲೆ ನೀಲಿ ಕಲೆ ಆಗುತ್ತವಾ? ತುಟಿ, ನಾಲಿಗೆ, ಬೆರಳ ತುದಿಯಲ್ಲಿ ಸಣ್ಣ ಕೆಂಪು ಚುಕ್ಕೆ ಇದೆಯಾ? ಹಲ್ಲು ಕೀಳಿಸಿದ್ದೀರಾ, ಆಗ ಏನಾಯಿತು? ಮುಟ್ಟಿನಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ? ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯಾ? ಯಾವ ಮಾತ್ರೆ ತಗೊಳ್ತೀರಿ? ಮೂಗಿನ ಪ್ರಶ್ನೆಗೆ ಇದೆಲ್ಲ ಯಾಕೆ ಅನ್ನಿಸಬಹುದು. ದಯವಿಟ್ಟು ಒಂದೂ ಬಿಡದೆ ಹೇಳಿ.

ಎಮರ್ಜೆನ್ಸಿ ವಾರ್ಡಿನ ನರ್ಸ್, ಮೈಸೂರು:

ಡಾಕ್ಟ್ರು ಕಾರಣಗಳನ್ನು ಹೇಳಿದ್ದಾರೆ. ರಕ್ತ ಬಂದ ಕ್ಷಣ ಏನು ಮಾಡಬೇಕು ಅಂತ ನಾನು ಹೇಳ್ತೀನಿ, ಯಾಕಂದ್ರೆ ನಮ್ಮಲ್ಲಿಗೆ ಬರುವವರಲ್ಲಿ ತುಂಬಾ ಜನ ತಲೆ ಹಿಂದಕ್ಕೆ ಎತ್ತಿಕೊಂಡೇ ಬರುತ್ತಾರೆ.

ಕುರ್ಚಿ ಮೇಲೆ ನೆಟ್ಟಗೆ ಕೂತು ಮುಂದಕ್ಕೆ ಬಾಗಿ. ಮುಂದೆ ಬಟ್ಟಲೋ ಬಕೆಟ್ಟೋ ಇಟ್ಟುಕೊಳ್ಳಿ. ಹೆಬ್ಬೆರಳು, ತೋರುಬೆರಳಿನಿಂದ ಮೂಗಿನ ಮೆತ್ತನೆಯ ಭಾಗ ಹಿಡಿಯಿರಿ. ಎಷ್ಟೋ ಜನ ಮೇಲಿನ ಗಟ್ಟಿ ಮೂಳೆ ಹಿಡಿದುಕೊಂಡಿರುತ್ತಾರೆ, ಅಲ್ಲಿ ಹಿಡಿದರೆ ಏನೂ ಪ್ರಯೋಜನ ಇಲ್ಲ. ಮೂಳೆ ಮುಗಿದು ಮೂಗು ಅಲ್ಲಾಡುವ ಜಾಗ ಇದೆಯಲ್ಲ, ಅದರ ಕೆಳಗೆ. ಎರಡೂ ಹೊಳ್ಳೆ ಪೂರ್ತಿ ಮುಚ್ಚುವ ಹಾಗೆ ಗಟ್ಟಿಯಾಗಿ ಒತ್ತಿ, ಬಾಯಲ್ಲಿ ಉಸಿರಾಡಿ. ಮೂಗುಬೊಟ್ಟು ಚುಚ್ಚುತ್ತದೆ ಅನ್ನಿಸಿದರೆ ಅದರ ಹಿಂದಕ್ಕೆ ಬೆರಳು ಸರಿಸಿ.

ಫೋನಲ್ಲಿ 15 ನಿಮಿಷದ ಟೈಮರ್ ಇಡಿ. ಅಷ್ಟೂ ಹೊತ್ತು ಕೈ ಬಿಡಬೇಡಿ. "ನಿಂತಿತಾ ನೋಡೋಣ" ಅಂತ ಎರಡೆರಡು ನಿಮಿಷಕ್ಕೆ ಬಿಟ್ಟು ನೋಡುವುದರಿಂದಲೇ ರಕ್ತ ನಿಲ್ಲುವುದಿಲ್ಲ. ಆಗಷ್ಟೇ ಹೆಪ್ಪುಗಟ್ಟಲು ಶುರುವಾಗಿದ್ದು ಕಿತ್ತು ಹೋಗುತ್ತದೆ, ಮತ್ತೆ ಮೊದಲಿನಿಂದ ಒತ್ತಬೇಕು. ಬಾಯಿಗೆ ಬಂದದ್ದನ್ನು ಉಗುಳಿ, ನುಂಗಬೇಡಿ. ನುಂಗಿದ ರಕ್ತ ಹೊಟ್ಟೆಗೆ ಒಗ್ಗಲ್ಲ, ಅದಕ್ಕೇ ನಿಮಗೆ ವಾಂತಿ ಆಗಿದ್ದು. ನೆತ್ತಿಗೆ ನೀರು ಹಾಕಿದರೆ ತೊಂದರೆ ಏನಿಲ್ಲ, ಆದರೆ ಅದು ಒತ್ತುವುದಕ್ಕೆ ಬದಲಿ ಅಲ್ಲ. ಟಿಶ್ಯೂ ಪೇಪರ್ ಸುರುಳಿ ಮಾಡಿ ತುರುಕಬೇಡಿ, ತೆಗೆಯುವಾಗ ಮತ್ತೆ ಕಿತ್ತುಕೊಂಡು ಬರುತ್ತದೆ.

15 ನಿಮಿಷಕ್ಕೆ ನಿಲ್ಲದಿದ್ದರೆ ಇನ್ನೊಂದು ಸುತ್ತು ಒತ್ತಿ. ಮೂಗು ಕಟ್ಟಿದಾಗ ಹಾಕುವ ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್ ಹನಿ ಮನೆಯಲ್ಲಿದ್ದರೆ ಆ ಹೊಳ್ಳೆಗೆ ಹಾಕಿ ಒತ್ತಬಹುದು, ರಕ್ತನಾಳ ಕುಗ್ಗುತ್ತದೆ. ಅದನ್ನು ದಿನಾ ಬಳಸುವ ಅಭ್ಯಾಸ ಮಾತ್ರ ಬೇಡ. ಅರ್ಧ ಗಂಟೆ ಆದರೂ ಹರಿಯುತ್ತಿದ್ದರೆ, ತಲೆ ಸುತ್ತಿದರೆ, ಮುಂದೆ ಬಾಗಿದ್ದರೂ ಗಂಟಲಿಗೆ ಧಾರೆಯಾಗಿ ಇಳಿಯುತ್ತಿದ್ದರೆ, ಪೆಟ್ಟು ಬಿದ್ದು ಆಗಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾಗಿದ್ದರೆ ನೇರ ಆಸ್ಪತ್ರೆಗೆ ಬನ್ನಿ, 108ಕ್ಕೆ ಕರೆ ಮಾಡಿ. ಜ್ವರದ ಜೊತೆ ಮೂಗಲ್ಲಿ ರಕ್ತ ಬಂದರೆ ಅದೇ ದಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ನೋಡಿಸಿ, ಡೆಂಗಿ ಇರಬಹುದು.

ನಿಂತ ಮೇಲೆ ಆ ದಿನ ಜೋರಾಗಿ ಸಿಂಬಳ ಸೀಟಬೇಡಿ, ಭಾರ ಎತ್ತಬೇಡಿ, ಬಿಸಿ ಬಿಸಿ ಕಾಫಿ ಸ್ವಲ್ಪ ಹೊತ್ತು ತಡೆಯಿರಿ. ಸೀನು ಬಂದರೆ ಬಾಯಿ ತೆರೆದು ಸೀನಿ.

ವಿಜಯಪುರದ ಹುಡುಗಿ:

ಡಾಕ್ಟ್ರೇ, ಸಿಸ್ಟರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನಿನ್ನೆ ಮತ್ತೆ ಬಂತು. ಹೇಳಿದ ಹಾಗೆ ಮುಂದಕ್ಕೆ ಬಾಗಿ ಟೈಮರ್ ಇಟ್ಟು ಹಿಡಿದುಕೊಂಡೆ, ಕೈ ನೋವು ಬಂದರೂ ಬಿಡಲಿಲ್ಲ. ಮೊದಲ ಸಲ ವಾಂತಿ ಆಗಲಿಲ್ಲ. ಆದರೆ ನಿಲ್ಲಲು ಎರಡನೇ ಸುತ್ತು ಒತ್ತಬೇಕಾಯಿತು.

ನೀವು ಕೇಳಿದ್ದಕ್ಕೆ ಉತ್ತರ. ಒಸಡಲ್ಲಿ ಆಗಾಗ ರಕ್ತ ಬರುತ್ತೆ. ತೊಡೆ ಮೇಲೆ ನೀಲಿ ಕಲೆ ಆಗ್ತಿರುತ್ತವೆ, ಟೇಬಲ್ ತಾಗಿರಬೇಕು ಅಂದುಕೊಂಡು ಸುಮ್ಮನಿದ್ದೆ. ಕೆಂಪು ಚುಕ್ಕೆ ಇಲ್ಲ. ಮೂಗು ಕಟ್ಟುವುದು ಎರಡೂ ಕಡೆ, ಅಲರ್ಜಿ ಇದ್ದಾಗ ಮಾತ್ರ. ಹೋದ ವರ್ಷ ಬುದ್ಧಿಹಲ್ಲು ಕೀಳಿಸಿದಾಗ ಮಾರನೇ ದಿನವೂ ರಕ್ತ ನಿಲ್ಲದೆ ಮತ್ತೆ ಹೋಗಿ ಹೊಲಿಗೆ ಹಾಕಿಸಿಕೊಂಡೆ. ಮುಟ್ಟು ಎಂಟು ದಿನ ಇರುತ್ತೆ. ಮೊದಲೆರಡು ದಿನ ಗಂಟೆ ಎರಡು ಗಂಟೆಗೆ ಪ್ಯಾಡ್ ಬದಲಾಯಿಸಬೇಕು, ರಾತ್ರಿ ಎರಡು ಪ್ಯಾಡ್ ಹಾಕಿದರೂ ಬೆಡ್‌ಶೀಟ್ ಕಲೆ ಆಗುತ್ತೆ. ಹೊಟ್ಟೆನೋವಿಗೆ ಮೆಫ್ಟಾಲ್ ತಗೊಳ್ತೀನಿ. ಅವ್ವನಿಗೂ ಹೀಗೇ ಇತ್ತಂತೆ, ನಲವತ್ತಕ್ಕೇ ಗರ್ಭಕೋಶ ತೆಗೆಸಿದರು. "ನಮ್ಮ ಮನೆತನದಾಗ ಎಲ್ಲರಿಗೂ ಹಿಂಗ" ಅಂತ ಅವ್ವ ಹೇಳ್ತಾಳೆ. ಅದಕ್ಕೇ ನಾನು ಯಾರಿಗೂ ಹೇಳಿರಲಿಲ್ಲ.

ಧಾರವಾಡದ ಕಿವಿ-ಮೂಗು ಡಾಕ್ಟರ್:

ತಂಗೀ, ಇದನ್ನು ಹೇಳಿದ್ದು ತುಂಬಾ ಮುಖ್ಯ. ಎಸಿ, ಸ್ಪ್ರೇ, ಮೂಗುಬೊಟ್ಟು ಎಲ್ಲವೂ ಇರಬಹುದು. ಆದರೆ ಅದರ ಹಿಂದೆ ಇನ್ನೊಂದು ಕಾರಣ ಇದೆಯಾ ಅಂತ ನೋಡಲೇಬೇಕು. ಮೂಗು, ಒಸಡು, ಮುಟ್ಟು, ಹಲ್ಲು ಕಿತ್ತ ಜಾಗ, ಮೈಮೇಲಿನ ಕಲೆ, ಜೊತೆಗೆ ತಾಯಿಗೂ ಹಾಗೇ. ಇಷ್ಟೂ ಒಬ್ಬರಲ್ಲೇ ಕಂಡಾಗ ನಾವು ಮೊದಲು ನೆನೆಸಿಕೊಳ್ಳುವುದು ಫಾನ್ ವಿಲ್ಲೆಬ್ರಾಂಡ್ ಕಾಯಿಲೆಯನ್ನು. 1926ರಲ್ಲಿ ಎರಿಕ್ ಫಾನ್ ವಿಲ್ಲೆಬ್ರಾಂಡ್ ಅನ್ನುವ ಫಿನ್‌ಲ್ಯಾಂಡ್‌ನ ಡಾಕ್ಟರ್ ಒಂದು ದ್ವೀಪದ ಕುಟುಂಬದಲ್ಲಿ ಇದನ್ನು ಗುರುತಿಸಿ ಬರೆದರು. ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ.

ಗಾಯವಾದಾಗ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಅಂಟಿಕೊಳ್ಳಲು ರಕ್ತದಲ್ಲಿ ಗೋಂದಿನಂಥ ಒಂದು ಪ್ರೋಟೀನ್ ಇರುತ್ತದೆ, ಫಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ಚಿಕ್ಕದಾಗಿ ವಿಡಬ್ಲ್ಯೂಎಫ್. ಅದು ಕಡಿಮೆ ಇದ್ದರೆ, ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದರೆ, ರಕ್ತ ನಿಲ್ಲಲು ತಡ. ತುಂಬಾ ಜನರಲ್ಲಿ ಇದು ಸೌಮ್ಯವಾಗಿಯೇ ಇರುತ್ತದೆ. ಮದುವೆ, ಮಕ್ಕಳು, ಕೆಲಸ ಯಾವುದಕ್ಕೂ ಅಡ್ಡಿಯಲ್ಲ. ಆದರೆ ಗೊತ್ತಿರಬೇಕು. ಗೊತ್ತಿಲ್ಲದೆ ಆಪರೇಷನ್‌ಗೋ ಹೆರಿಗೆಗೋ ಹೋದರೆ ಆಗ ಕಷ್ಟ.

ಇಲ್ಲಿ ನನಗೆ ಮನಸ್ಸಿಗೆ ನೋವಾಗುವ ವಿಷಯ ಒಂದಿದೆ. ಹುಡುಗನಿಗೆ ಮಂಡಿಯಲ್ಲಿ ರಕ್ತ ಸುರಿದರೆ ಊರೆಲ್ಲ ಸೇರುತ್ತದೆ. ಹುಡುಗಿಗೆ ತಿಂಗಳಿಗೆ ಎಂಟು ದಿನ ರಕ್ತ ಹೋದರೆ, "ನನಗೂ ಹಂಗೇ ಇತ್ತು" ಅಂತ ತಾಯಿ ಹೇಳುತ್ತಾಳೆ, ಅಜ್ಜಿಯೂ ಹೇಳುತ್ತಾಳೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೂ ಇದೇ ಕಾಯಿಲೆ ಇದ್ದಿರಬಹುದು, ಯಾರೂ ಹೆಸರಿಟ್ಟು ಹೇಳಿರುವುದಿಲ್ಲ ಅಷ್ಟೇ. ಹಾಗಾಗಿ ಮೂಗಿಗೆ ಅಂತ ಬರುವ ಪ್ರತಿ ಹೆಣ್ಣುಮಗಳಿಗೂ ನಾನು ಮುಟ್ಟಿನ ಬಗ್ಗೆ ಕೇಳಿಯೇ ಕೇಳುತ್ತೇನೆ.

ಇಎನ್‌ಟಿಯವರಿಗೆ ತೋರಿಸುವುದರ ಜೊತೆಗೆ ಒಬ್ಬ ಫಿಸಿಶಿಯನ್ ಅಥವಾ ರಕ್ತದ ಕಾಯಿಲೆಗಳ ತಜ್ಞರನ್ನು, ಅಂದರೆ ಹೆಮಟಾಲಜಿಸ್ಟ್‌ರನ್ನು ನೋಡಿ. ಇಲ್ಲಿ ಬರೆದಿದ್ದನ್ನೇ ಅವರಿಗೆ ತೋರಿಸಿ. ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ), ಪ್ಲೇಟ್‌ಲೆಟ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆಗಳು) ಮಾಡಿಸುತ್ತಾರೆ. ಒಂದು ಎಚ್ಚರ: ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ ಮೂರೂ ನಾರ್ಮಲ್ ಬಂದರೂ ಈ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಇದಕ್ಕೆ ಬೇರೆಯೇ ಪರೀಕ್ಷೆ ಇದೆ. ವಿಡಬ್ಲ್ಯೂಎಫ್ ಆಂಟಿಜೆನ್ (ಆ ಪ್ರೋಟೀನ್ ಎಷ್ಟಿದೆ), ವಿಡಬ್ಲ್ಯೂಎಫ್ ಆಕ್ಟಿವಿಟಿ (ಅದು ಎಷ್ಟು ಕೆಲಸ ಮಾಡುತ್ತದೆ), ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನ್). ಇವನ್ನೂ ನೋಡಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಇವತ್ತಿನಿಂದ ಮೆಫ್ಟಾಲ್ ಬೇಡ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ಇವೆಲ್ಲ ಪ್ಲೇಟ್‌ಲೆಟ್ ಕೆಲಸವನ್ನು ಕುಗ್ಗಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಚೀಲ. ರಕ್ತ ಜಾಸ್ತಿ ಹೋಗುವುದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ದಾವಣಗೆರೆ ಗೃಹಿಣಿ:

ನನಗೆ ಇದೇ ಕಾಯಿಲೆ. ಮೊದಲ ಹೆರಿಗೆ ಆದಮೇಲೆ ತುಂಬಾ ರಕ್ತ ಹೋಗಿ ಆಗ ಪತ್ತೆಯಾಯಿತು. ಎರಡನೇ ಹೆರಿಗೆಗೆ ಡಾಕ್ಟರುಗಳು ಮೊದಲೇ ತಯಾರಿ ಮಾಡಿಕೊಂಡಿದ್ದರು, ಏನೂ ತೊಂದರೆ ಆಗಲಿಲ್ಲ. ಕಾಯಿಲೆ ಹೆಸರು, ಬ್ಲಡ್ ಗ್ರೂಪ್ ಬರೆದ ಚೀಟಿ ಯಾವಾಗಲೂ ಪರ್ಸಲ್ಲಿ ಇಟ್ಟಿರ್ತೀನಿ. ನಮ್ಮೂರಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ರಿಪೋರ್ಟ್ ಬಂದ ಮೇಲೆ ಬೇಕಾದರೆ ಅಲ್ಲಿ ವಿಚಾರಿಸಿ. ನಿಮಗೆ ಮದುವೆಗೆ ಮುಂಚೆಯೇ ಗೊತ್ತಾಗುತ್ತಿದೆ, ಇದು ಒಳ್ಳೆಯದೇ ಅಂದುಕೊಳ್ಳಿ.

ವಿಜಯಪುರದ ಹುಡುಗಿ:

ತೋರಿಸಿಕೊಂಡು ಬಂದೆ. ಇಎನ್‌ಟಿ ಮೇಡಂ ಹೊಳ್ಳೆಯೊಳಗೆ ಲೈಟ್ ಬಿಟ್ಟು ನೋಡಿದರು, ಆಮೇಲೆ ತೆಳು ಎಂಡೋಸ್ಕೋಪ್ ಹಾಕಿದರು. ಹಿಂದೆ ಗಡ್ಡೆ ಏನೂ ಇಲ್ಲ. ಎಡಗಡೆ ಗೋಡೆ ಮೇಲೆ ಮುಂದೆಯೇ ಒಂದು ರಕ್ತನಾಳ ಉಬ್ಬಿದೆ, ಅದರ ಮೇಲೆ ಹಕ್ಕಳೆ. ಪರದೆ ಮೇಲೆ ನನಗೂ ತೋರಿಸಿದರು. ಮೂಗುಬೊಟ್ಟಿನ ತಿರುಪು ನಿಜವಾಗಿಯೂ ಅಲ್ಲೇ ತಾಗುತ್ತಿತ್ತು, ಸದ್ಯಕ್ಕೆ ತೆಗೆದಿದ್ದೇನೆ. ಸಿಲ್ವರ್ ನೈಟ್ರೇಟ್ ಅನ್ನುವ ರಾಸಾಯನಿಕ ಹಚ್ಚಿ ಆ ರಕ್ತನಾಳವನ್ನು ಸುಡಬಹುದು, ಆದರೆ ರಕ್ತದ ರಿಪೋರ್ಟ್ ಬರಲಿ ಅಂದರು. ಎರಡು ವಾರ ಹಚ್ಚಲು ಮುಲಾಮು ಕೊಟ್ಟಿದ್ದಾರೆ. ಹಿಮೋಗ್ಲೋಬಿನ್ 9.6, ಅಂದರೆ ರಕ್ತಹೀನತೆ ಇದೆ, ಫೆರಿಟಿನ್ ಕೂಡ ತುಂಬಾ ಕಡಿಮೆ. ಪ್ಲೇಟ್‌ಲೆಟ್ 2.4 ಲಕ್ಷ, ಎಪಿಟಿಟಿ ನಾರ್ಮಲ್. ನಾನೇ ಕೇಳಿದ ಮೇಲೆ ವಿಡಬ್ಲ್ಯೂಎಫ್ ಪರೀಕ್ಷೆಗೂ ಬರೆದರು, ಸ್ಯಾಂಪಲ್ ಹೋಗಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಕೆಲಸದ ಸುಸ್ತು ಅಂದುಕೊಂಡಿದ್ದೆ.

ಸುಡುವುದು ಅಂದರೆ ತುಂಬಾ ನೋವಾ? ಮತ್ತೆ ಇನ್ನೊಂದು. ಅವ್ವನಿಗೆ ಬರುವ ವಾರ ದವಡೆ ಹಲ್ಲು ಕೀಳಿಸಬೇಕಂತೆ, ನಾನು ತಡಿ ಅಂದಿದ್ದೇನೆ. ಸರಿನಾ?

ಧಾರವಾಡದ ಕಿವಿ-ಮೂಗು ಡಾಕ್ಟರ್:

ನೋವು ತಡೆಯುವಷ್ಟೇ ಇರುತ್ತದೆ. ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಹತ್ತಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಕಡ್ಡಿಯ ತುದಿ ಕೆಲವು ಸೆಕೆಂಡು ಮುಟ್ಟಿಸುತ್ತಾರೆ. ಚುರುಗುಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸೀನು ಬರಬಹುದು. ಮುಂದೆ ಬಲಗಡೆಗೂ ಬೇಕಾದರೆ ಅದೇ ದಿನ ಎರಡೂ ಕಡೆ ಮಾಡಿಸಬೇಡಿ, ನಡುಗೋಡೆ ತೂತಾಗುವ ಅಪಾಯ ಇದೆ, ಕೆಲವು ವಾರ ಅಂತರ ಬೇಕು. ನಿಮ್ಮ ಮೇಡಂ ರಿಪೋರ್ಟಿಗೆ ಕಾಯುತ್ತಿರುವುದು ಸರಿಯಾದ ನಿರ್ಧಾರ.

ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಚಹಾ ಕಾಫಿ ಜೊತೆ ನುಂಗಬೇಡಿ, ಹಣ್ಣಿನ ರಸದ ಜೊತೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಬೀಟ್‌ರೂಟ್, ರಾಗಿ ತಿನ್ನಿ, ಆದರೆ ಅಷ್ಟರಿಂದಲೇ ಈ ಕೊರತೆ ತುಂಬುವುದಿಲ್ಲ.

ವಿಡಬ್ಲ್ಯೂಎಫ್ ಮಟ್ಟ ಜ್ವರ, ಗಾಬರಿ, ಗರ್ಭಿಣಿಯಾದಾಗ, ಹಾರ್ಮೋನ್ ಮಾತ್ರೆ ಇವುಗಳಿಂದ ಏರುತ್ತದೆ. ಓ ಗ್ರೂಪ್ ರಕ್ತದವರಿಗೆ ಸಹಜವಾಗಿಯೇ ಸ್ವಲ್ಪ ಕಡಿಮೆ. ಹಾಗಾಗಿ ಒಂದು ಸಲ ನಾರ್ಮಲ್ ಅಥವಾ ಅಂಚಿನಲ್ಲಿ ಬಂದರೆ ಮತ್ತೆ ಮಾಡಿಸಿ ಅನ್ನಬಹುದು, ಬೇಸರ ಮಾಡಿಕೊಳ್ಳಬೇಡಿ.

ಅವ್ವನಿಗೆ ತಡಿ ಅಂದದ್ದು ಸರಿ. ನಿಮ್ಮ ರಿಪೋರ್ಟ್ ಬರಲಿ, ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಹಲ್ಲು ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಕೆನ್ನೆ ಊದಿಕೊಂಡರೆ, ಜ್ವರ ಬಂದರೆ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ಮಗಳ ಬುದ್ಧಿಹಲ್ಲಿನ ಕಥೆಯನ್ನೂ ಅವರ ಗರ್ಭಕೋಶದ ಆಪರೇಷನ್ ಯಾಕಾಯಿತು ಅನ್ನುವುದನ್ನೂ ಕೀಳುವ ಮುಂಚೆಯೇ ಹೇಳಲಿ.